ಗ್ಯಾನಮ್ಮನ ದೋಣಿಯ ವೈರು

ಕೃಷ್ಣಾ ನದಿಯ ನಡುಗಡ್ಡೆಯ ಮೇಲೆ ಹತ್ತಿಪ್ಪತ್ತು ಮನೆಗಳ ಒಂದು ಊರು. ಅಲ್ಲಿಯವರು ಸಂತೆಗಾಗಲಿ ಆಸ್ಪತ್ರೆಗಾಗಲಿ ಲಿಂಗಸುಗೂರಿಗೆ ಹೋಗಬೇಕಾದರೆ ಮೊದಲು ಹೊಳೆ ದಾಟಬೇಕು. ದಾಟಿಸುತ್ತಿದ್ದವನು ಅಂಬಿಗರ ವೆಂಕೋಬ. ಚಾವಣಿಯಿಲ್ಲದ ಸಣ್ಣ ದೋಣಿ, ಹಿಂದೆ ಹಳೆಯ ಎಂಜಿನ್, ಅದನ್ನು ಚಾಲು ಮಾಡಲು ಒಂದು ಬ್ಯಾಟರಿ. ಹೋದ ದೀಪಾವಳಿಯ ಹೊತ್ತಿಗೆ ವೆಂಕೋಬ ಕಾಮಾಲೆಯಾಗಿ ತೀರಿಕೊಂಡ. ಊರಿನವರಿಗೆ ಬೇರೆ ದೋಣಿ ಇರಲಿಲ್ಲ. ಅವನ ಹೆಂಡತಿ ಗ್ಯಾನಮ್ಮ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತಳು.

ಹುಟ್ಟು ಹಾಕುವುದು ಅವಳಿಗೆ ತವರಿನಲ್ಲೇ ಬಂದಿತ್ತು. ಬಂಡೆ ಎಲ್ಲಿ ಮುಳುಗಿದೆ, ಸುಳಿ ಎಲ್ಲಿ ತಿರುಗುತ್ತದೆ ಎಂಬುದೂ ಗೊತ್ತಿತ್ತು. ಗೊತ್ತಿಲ್ಲದ್ದು ವೈರು. ದೀಪ, ಹಾರ್ನು, ಒಳಗೆ ಸೇರಿದ ನೀರನ್ನು ಹೊರಹಾಕುವ ಪಂಪು, ಫೋನ್ ಚಾರ್ಜು ಮಾಡುವ ಪಿನ್ನು, ಹೀಗೆ ಒಂದೊಂದನ್ನೂ ವೆಂಕೋಬ ಒಂದೊಂದು ವರ್ಷ ಸೇರಿಸಿದ್ದ. ಸಿಕ್ಕ ವೈರಿಗೆ ಸಿಕ್ಕ ವೈರು ಹೆಣೆದು, ಮೇಲೆ ಪ್ಲಾಸ್ಟಿಕ್ ಚೀಲದ ಚೂರು ಸುತ್ತಿದ್ದ. ಸ್ವಿಚ್ಚು ಕೆಟ್ಟ ಮೇಲೆ ಎರಡು ತುದಿ ತಾಗಿಸಿ ಎಂಜಿನ್ ಎಬ್ಬಿಸುತ್ತಿದ್ದ. ಗ್ಯಾನಮ್ಮ ಕೈ ಹಾಕಲು ಹೋದರೆ, "ಮುಟ್ಟಬ್ಯಾಡ, ನಿನಗ ತಿಳಿಯಂಗಿಲ್ಲ" ಎನ್ನುತ್ತಿದ್ದ. ಅವನು ಮಾಡುತ್ತಿದ್ದುದನ್ನು ಎದುರು ಕೂತು ನೋಡಿದ್ದಷ್ಟೇ ಅವಳ ವಿದ್ಯೆ.

ಬೇಸಿಗೆಯ ಒಂದು ಮಧ್ಯಾಹ್ನ ಕುರಿ ಕಾಯುವ ಅಯ್ಯಮ್ಮ ಎರಡು ಮರಿಗಳೊಂದಿಗೆ ದೋಣಿಯಲ್ಲಿದ್ದಳು. ನಡುಹೊಳೆಯಲ್ಲಿ ಹಲಗೆಯ ಕೆಳಗಿನಿಂದ ಹೊಗೆ ಎದ್ದಿತು. ಪಕ್ಕದಲ್ಲೇ ಪೆಟ್ರೋಲಿನ ಡಬ್ಬಿ. ಗ್ಯಾನಮ್ಮ ಹಲಗೆ ಎತ್ತಿದರೆ ವೈರಿನ ಗಂಟು ಕರಗಿ ಉರಿಯುತ್ತಿದೆ. ಬರಿಗೈಯಿಂದಲೇ ಹಿಡಿದು ಜಗ್ಗಿ ಬ್ಯಾಟರಿಯಿಂದ ಕಿತ್ತಳು. ಎಂಜಿನ್ ನಿಂತಿತು. ಬೊಬ್ಬೆಯೆದ್ದ ಅಂಗೈಯಲ್ಲೇ ಹುಟ್ಟು ಹಿಡಿದು ಗಡ್ಡೆಯ ದಡ ಮುಟ್ಟಿಸಿದಳು.

ಮರಿಗಳನ್ನು ಇಳಿಸಿಕೊಂಡು ಅಯ್ಯಮ್ಮ ಹೇಳಿದಳು: "ನಿನ್ನ ಮ್ಯಾಲ ಸಿಟ್ಟಿಲ್ಲವ್ವಾ. ಆದ್ರ ನಾ ಇನ್ನ ಈ ದೋಣಿ ಹತ್ತಂಗಿಲ್ಲ."

ಗ್ಯಾನಮ್ಮ ಕೈಗೆ ಬಟ್ಟೆ ಸುತ್ತಿಕೊಂಡಳು. ಹುಟ್ಟು ಹಾಕುತ್ತಲೇ ಆಚೆ ದಡ ಸೇರಿ, ಸಿಕ್ಕ ಬಸ್ಸಿಗೆ ಲಿಂಗಸುಗೂರಿಗೆ ಹೋದಳು. ಬಸ್ ನಿಲ್ದಾಣದ ಹಿಂದೆ ಮಕ್ತುಮ್‌ಸಾಬ್ ಟ್ರ್ಯಾಕ್ಟರು, ಜೀಪುಗಳಿಗೆ ವೈರಿಂಗ್ ಮಾಡುವ ಅಂಗಡಿ ಇಟ್ಟಿದ್ದರು.

ಅವರು ಮೊದಲು ಅವಳ ಕೈ ನೋಡಿದರು. "ದವಾಖಾನಿಗೆ ಹೋಗಿ ಬಾರವ್ವಾ. ದೋಣಿ ಅಂಗಡಿಗೆ ಬರಂಗಿಲ್ಲ, ಶುಕ್ರವಾರ ನಾನ ಬರತೀನಿ."

ಶುಕ್ರವಾರ ನಮಾಜು ಮುಗಿಸಿ, ಚೀಲ ಹೆಗಲಿಗೇರಿಸಿ ಬಂದರು. ದೋಣಿಯನ್ನು ದಡಕ್ಕೆಳೆದು ಹಲಗೆಗಳನ್ನೆಲ್ಲ ತೆಗೆಸಿದರು. ತಳದ ನೀರಿನಲ್ಲಿ ನೆಂದ ವೈರುಗಳು, ಒಳಗೆ ತಾಮ್ರ ಹಸಿರಾಗಿ ಪುಡಿಯಾಗುತ್ತಿತ್ತು. ಎಂಜಿನ್ನಿನ ಕಬ್ಬಿಣಕ್ಕೆ ಉಜ್ಜಿ ಉಜ್ಜಿ ಒಂದರ ಸಿಪ್ಪೆಯೇ ಹೋಗಿತ್ತು.

"ಇದರಾಗ ಯಾವುದೂ ಉಳಿಸಾಂಗಿಲ್ಲ," ಎಂದರು.

ಗ್ಯಾನಮ್ಮ ಪ್ಲಾಸ್ಟಿಕ್ ಸುತ್ತಿದ ಒಂದು ಗಂಟನ್ನು ಎತ್ತಿ ತೋರಿಸಿದಳು. "ಎಲ್ಲಾ ಅವರ ಕೈಲೇ ಕಟ್ಟಿದ್ದು ಸಾಬ್ರ."

"ಹೌದವ್ವಾ. ಕೆಟ್ಟಾಗ ಕೆಟ್ಟಾಗ ಒಂದೊಂದು ಗಂಟು ಹಾಕಿ ದಿನಾ ದೂಡ್ಯಾನ. ಮಂದಿ ದಡದಾಗ ಕಾಯತಿದ್ರ ಮತ್ತೇನು ಮಾಡ್ಯಾನು."

"ನನಗ ಒಂದಿನಾನೂ ತೋರಿಸಲಿಲ್ಲರೀ." ಅವನು ಸತ್ತಾಗಲೂ ಹೆಂಗಸರ ನಡುವೆ ಅಷ್ಟಾಗಿ ಅಳದವಳು ಆಗ ಅತ್ತಳು. ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ಮಕ್ತುಮ್‌ಸಾಬ್ ಚೀಲಕ್ಕೆ ಕೈ ಹಾಕಿದರು. ಇಕ್ಕಳವನ್ನು ಅವಳ ಸುಡದ ಎಡಗೈಗೆ ಕೊಟ್ಟರು.

"ನೀನ ಕತ್ತರಿಸು."

ಅವಳೇ ಕತ್ತರಿಸಿದಳು. ಒಂದೊಂದು ಗಂಟನ್ನೂ ಮುಟ್ಟಿ ನೋಡಿ, ಇದು ದೀಪದ್ದು, ಇದು ಪಂಪಿನದು ಎಂದು ಹೇಳಿಕೊಳ್ಳುತ್ತ ಕತ್ತರಿಸಿದಳು. ರಾಶಿ ಬಿದ್ದ ವೈರನ್ನು ತೋರಿಸಿ ಅವರು, "ಗುಜರಿಗೆ ಒಯ್ಯಲ್ಯಾ, ಮನ್ಯಾಗ ಇಟಗೋತೀಯಾ?" ಎಂದು ಕೇಳಿದರು.

"ಒಯ್ಯರಿ," ಎಂದಳು.

ಹೊಸ ಕೆಲಸಕ್ಕೆ ಇನ್ನೂ ಎರಡು ಶುಕ್ರವಾರ ಹಿಡಿಯಿತು; ಅಲ್ಲಿಯವರೆಗೆ ತೀರ ಅಗತ್ಯವಿದ್ದವರನ್ನು ಗ್ಯಾನಮ್ಮ ಹುಟ್ಟು ಹಾಕಿಯೇ ದಾಟಿಸಿದಳು. ಬ್ಯಾಟರಿ ಮುಚ್ಚಳದ ಪೆಟ್ಟಿಗೆಯೊಳಗೆ ಎತ್ತರಕ್ಕೆ ಹೋಯಿತು. ವೈರುಗಳು ನೀರು ತಾಗದಂತೆ ದೋಣಿಯ ಅಂಚಿನ ಕೆಳಗೆ ಪೈಪಿನೊಳಗೆ ಓಡಿದವು. ದೀಪಕ್ಕೆ ಹಳದಿ, ಪಂಪಿಗೆ ನೀಲಿ, ಪ್ರತಿಯೊಂದಕ್ಕೂ ಅದರದೇ ಫ್ಯೂಜು. ಎಲ್ಲವನ್ನೂ ಒಮ್ಮೆಗೇ ನಿಲ್ಲಿಸಲು ಒಂದು ದೊಡ್ಡ ಸ್ವಿಚ್ಚು. ಬೆಸುಗೆ ಹಾಕುವಾಗ ಗ್ಯಾನಮ್ಮ ತುದಿ ಹಿಡಿದಳು. ಕೊನೆಯ ನಾಲ್ಕು ಬೆಸುಗೆಗಳನ್ನು ತಾನೇ ಹಾಕಿದಳು. ಒಂದು ಸರಿಯಾಗಿ ಕೂರಲಿಲ್ಲ. ಮಕ್ತುಮ್‌ಸಾಬ್ ಅದನ್ನು ಜಗ್ಗಿ ಬಿಚ್ಚಿ, "ಮತ್ತ ಹಾಕು," ಎಂದರು. ಹಾಕಿದಳು.

ಮೊದಲ ಕೆಲವು ದಿನ ದೋಣಿ ಅರ್ಧ ಖಾಲಿಯೇ ಹೋಯಿತು. ಆಮೇಲೆ ಹಾಲಿನವರು ಬಂದರು, ಶಾಲೆಯ ಮಕ್ಕಳು ಬಂದರು. ಅಯ್ಯಮ್ಮ ಮಾತ್ರ ಬರಲಿಲ್ಲ. ಕುರಿಗಳನ್ನು ಮಗನ ಕೈಯಲ್ಲಿ ಕಳಿಸಿ ತಾನು ಗಡ್ಡೆಯಲ್ಲೇ ಉಳಿದಳು. ಗ್ಯಾನಮ್ಮ ಅವಳನ್ನು ಒತ್ತಾಯಿಸಲಿಲ್ಲ.

ಈ ಮಳೆಗಾಲ ಮೇಲಿನ ಜಲಾಶಯದಿಂದ ನೀರು ಬಿಟ್ಟಾಗ, ದೋಣಿಗಳನ್ನು ನಿಲ್ಲಿಸಬೇಕೆಂದು ಹೇಳಲು ಸರ್ಕಾರಿ ನೌಕರನೊಬ್ಬ ಇಲಾಖೆಯ ದೋಣಿಯಲ್ಲಿ ಗಡ್ಡೆಗೆ ಬಂದಿದ್ದ.

"ದೋಣಿ ಯಾರದು? ಮಾಲಕನ್ನ ಕರಿ," ಎಂದ.

"ನಾನರೀ," ಎಂದು ಗ್ಯಾನಮ್ಮ ಎದ್ದು ನಿಂತಳು. ಹಗ್ಗವನ್ನು ಜಾಲಿಯ ಬುಡಕ್ಕೆ ಎರಡು ಸುತ್ತು ಬಿಗಿದಳು. ಬ್ಯಾಟರಿಯನ್ನು ಬಿಚ್ಚಿ ತಲೆಯ ಮೇಲೆ ಹೊತ್ತು ಮನೆಯ ಕಡೆ ನಡೆದಳು. ಹೊಳೆಯ ನೀರು ಆಗಲೇ ಕೆಂಪಾಗಿತ್ತು.