ಮಾರ್ಥವ್ವನಿಗಾಗಿ ಅತ್ತ ದಿನ

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಮೂರ್ನಾಲ್ಕು ವರ್ಷ ಮೊದಲಿನ ಮಾತು. ಹುಕ್ಕೇರಿಯ ನನ್ನನ್ನು ಮೂಡಲಗಿಯ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದರು. ನಮ್ಮ ಮನೆಯ ಬಾಜೂಕಿನ ಎರಡು ಖೋಲಿಗಳನ್ನು ಮಾವನವರು ಒಬ್ಬ ವಿಲಾಯತಿ ನರ್ಸಿಗೆ ಬಾಡಿಗೆಗೆ ಕೊಟ್ಟಿದ್ದರು. ಹೆಸರು ಎಲ್ಸಿ. ಕ್ರೈಸ್ತ ಮಿಶನ್ನಿನ ಸೇವೆಗೆಂದು ಹಡಗು ಹತ್ತಿ ಬಂದವರು. ಮುಂದಿನ ಖೋಲಿಯಲ್ಲಿ ದವಾಖಾನೆ, ಹಿಂದಿನದರಲ್ಲಿ ಅವರ ವಾಸ. ಓಣಿಯವರೆಲ್ಲ ಅವರನ್ನು ಬಾಯಾರು ಎಂದೇ ಕರೆಯುತ್ತಿದ್ದರು.

ಬಾಯಾರದು ಪುಸ್ತಕದಿಂದ ಕಲಿತ ಕನ್ನಡ. “ದಯವಿಟ್ಟು ಬಾಯಿ ತೆರೆಯಿರಿ” ಎಂದರೆ ನಮ್ಮ ಓಣಿಯ ಮುದುಕರು, ಯಾರೋ ದೊಡ್ಡವರು ಬಂದಿರಬೇಕೆಂದು ಹಿಂದೆ ತಿರುಗಿ ನೋಡುತ್ತಿದ್ದರು. ಆದರೆ ಅವರ ಕೈಗುಣವನ್ನು ಮಾತ್ರ ಯಾರೂ ಅಲ್ಲಗಳೆಯುವಂತಿರಲಿಲ್ಲ. ನನ್ನ ಮೊದಲ ಹೆರಿಗೆ ಮಾಡಿಸಿದವರೂ ಅವರೇ. ಮಗಳು ಆಗಿನ್ನೂ ಅಂಬೆಗಾಲಿಡುತ್ತಿದ್ದಳು.

ಒಂದು ದಿನ ಗೋಕಾಕಿನ ಟಪಾಲು ಬಂದು ಸ್ವಲ್ಪ ಹೊತ್ತಿಗೆ, ಮಗಳ ಕಿವಿನೋವಿಗೆ ಔಷಧ ಕೇಳಲು ಹೋದೆ. ಬಾಯಾರು ಔಷಧ ಹಾಕಿ, ಹತ್ತಿ ಇಟ್ಟು, ಕೈ ತೊಳೆದುಕೊಂಡರು. ಆಮೇಲೆ ಹೊರಗೆ ಮಳೆ ಬಂತು ಅನ್ನುವ ಹಾಗೆ ಹೇಳಿದರು: “ನನ್ನ ತಾಯಿ ತೀರಿಕೊಂಡರು. ಒಂದು ತಿಂಗಳಿನ ಮೇಲಾಯಿತು. ಸಮಾಧಿಯೂ ಆಗಿದೆ. ಪತ್ರ ಇವತ್ತು ಬಂತು.”

“ಅತ್ತೀನ್ನ ಕರೀಲೇನ್ರಿ?” ಎಂದೆ. “ನಾನು ಒಬ್ಬಳೇ ಇರುತ್ತೇನೆ” ಎಂದು ಅವರು ಬಾಗಿಲು ಹಾಕಿಕೊಂಡರು.

ಅವರ ಮಾತು ಮೀರಬಾರದೆಂದು ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮರುದಿನ ದವಾಖಾನೆ ಎಂದಿನಂತೆ ತೆರೆಯಿತು. ಕೆಲಸ ಮುಗಿದ ಕೂಡಲೇ ಬಾಗಿಲು ಮತ್ತೆ ಮುಚ್ಚಿತು. ನಾನು ಹೊಸ್ತಿಲಲ್ಲಿಟ್ಟ ಹಾಲನ್ನು ಬೆಕ್ಕು ಕುಡಿಯಿತು. ಅದರ ಮಾರನೆಯ ದಿನ ಒಬ್ಬ ಹೆಂಗಸಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ ಬಾಯಾರು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಅಲ್ಲೇ ನಿಂತಿದ್ದ ನನ್ನ ಕೈಗೆ ಪಟ್ಟಿ ಕೊಟ್ಟು, “ಇನ್ನು ನನ್ನಿಂದ ಆಗುವುದಿಲ್ಲ. ನಾನು ಊರಿಗೆ ಹೋಗಿಬಿಡುತ್ತೇನೆ” ಎಂದು ಒಳಗೆ ಹೋದರು. ಊರಲ್ಲಿ ಅವರಿಗೆ ಇನ್ನು ಯಾರಿದ್ದರು? ತಂದೆ ಮೊದಲೇ ಹೋಗಿದ್ದರು, ಒಡಹುಟ್ಟಿದವರು ಯಾರೂ ಇರಲಿಲ್ಲ. ನನಗೆ ಹೆದರಿಕೆಯಾಯಿತು. ಮನೆಗೆ ಓಡಿ ಅತ್ತೆಗೆ ಎಲ್ಲ ಹೇಳಿದೆ.

ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಹಿಟ್ಟಿನ ಕೈಯಲ್ಲೇ ಎದ್ದು ನಿಂತರು.

“ಇಷ್ಟ ದಿನಾ ಅಕಿನ್ನ ಒಬ್ಬಾಕಿನ್ನ ಬಿಟ್ಟೇನ? ನಿನಗೇನರ ಬುದ್ಧಿ ಐತೇನ?”

“ಅವರ ಬ್ಯಾಡ ಅಂದ್ರರಿ ಅತ್ತಿ. ಅವರ ಪದ್ಧತಿ ಬ್ಯಾರೆ ಇರಬೇಕ್ರಿ.”

“ಸತ್ತ ಮನಿಯವರು ಬರ್ರಿ ಅಂತ ಕರೀತಾರೇನ? ನಾವ ಹೋಗಬೇಕ!”

ನಮ್ಮತ್ತೆ ಸಿಟ್ಟಾದರೆ ಮಾವನವರೂ ಅಂಗಡಿಯ ದಾರಿ ಹಿಡಿಯುತ್ತಿದ್ದರು. ನಾನೆಷ್ಟರವಳು? ಅವರು ಓಣಿಯುದ್ದಕ್ಕೂ ಕೂಗುತ್ತ ಹೋಗಿ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ಬಾಯಾರ ಬಾಗಿಲು ಬಡಿದರು. ಮಗಳನ್ನು ಬಗಲಲ್ಲಿಟ್ಟುಕೊಂಡು ನಾನೂ ಹಿಂದೆ ನಿಂತೆ.

ಬಾಗಿಲು ತೆರೆದ ಬಾಯಾರು ಗಾಬರಿಯಾದರು. “ಎಲ್ಲವೂ ಮುಗಿದಿದೆ, ಅಮ್ಮ. ತಿಂಗಳ ಹಿಂದೆಯೇ...”

“ಅಲ್ಲಿ ಯಾವಾಗರೆ ಹೋಗಿರಲಿ. ನಿನಗ ಸುದ್ದಿ ಬಂದ ದಿನಾನ ಹೋದಂಗ,” ಎಂದರು ಅತ್ತೆ.

“ಅವರು ದೇವರ ಹತ್ತಿರ ಇದ್ದಾರೆ. ನಾನು ಅಳಬಾರದು.”

“ದೇವರ ಹಂತ್ಯಾಕ ಹೋದ್ಲು, ಅಕಿಗಿ ಛಲೋ ಆತು. ನಿನಗೇನ ಛಲೋ ಆತು?”

ಬಾಯಾರು ಬಾಗಿಲು ಬಿಟ್ಟು ಸರಿದರು. ಹೆಂಗಸರೆಲ್ಲ ಒಳಗೆ ಹೋಗಿ ಅವರ ಸುತ್ತ ಕೂತರು. ನಮ್ಮ ಕಡೆ ಸತ್ತವರಿಗಾಗಿ ಸುಮ್ಮನೆ ಕಣ್ಣೀರು ಹಾಕುವುದಿಲ್ಲ. ಅವರ ಹೆಸರು ಹಿಡಿದು, ಅವರ ಬಾಳನ್ನೆಲ್ಲ ಹಾಡಿಕೊಂಡು ಅಳುತ್ತಾರೆ. ಆದರೆ ಆ ತಾಯಿಯ ಹೆಸರೇ ನಮಗೆ ಗೊತ್ತಿರಲಿಲ್ಲ.

“ಯಾವ ಹೆಸರ ಹಿಡದು ಅಳೂಣು? ಹೇಳ ಯವ್ವಾ,” ಎಂದರು ಅತ್ತೆ.

“ಮಾರ್ಥಾ.”

“ಮಾರ್ಥವ್ವ ಎಂಥಾಕಿ ಇದ್ಲು?”

ಬಾಯಾರು ಸ್ವಲ್ಪ ಯೋಚಿಸಿದರು. “ಪ್ರತಿ ವರ್ಷ ನನಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸುತ್ತಿದ್ದರು. ಇಲ್ಲಿ ಬಿಸಿಲು ಹೆಚ್ಚು ಎಂದು ಎಷ್ಟು ಬರೆದರೂ ನಂಬುತ್ತಿರಲಿಲ್ಲ.”

ಅತ್ತೆಗೆ ಅಷ್ಟು ಸಾಕಾಯಿತು. ಮುಖದ ಮೇಲೆ ಸೆರಗೆಳೆದುಕೊಂಡು ದನಿ ತೆಗೆದರು: “ಬಿಸಲ ಊರಿಗಿ ಉಣ್ಣಿ ಚೀಲಾ ಕಳಿಸಿದ್ಯಲ್ಲ, ಮಾರ್ಥವ್ವಾ! ಮಗಳ ಕಾಲಿಗಿ ಥಂಡಿ ಹತ್ತೀತಂತ ಅಂಜಿದ್ಯಲ್ಲ, ನನ್ನವ್ವಾ!” ಉಳಿದವರೂ ದನಿಗೂಡಿಸಿದರು. ಮೂಡಲಗಿಯ ಬಿಸಿಲಲ್ಲಿ ಉಣ್ಣೆಯ ಕಾಲುಚೀಲ! ನಗು ಬಂದೀತೆಂದು ನಾನು ಸೆರಗು ಬಾಯಿಗೊತ್ತಿಕೊಂಡೆ. ಬಂದದ್ದು ಅಳು.

ನಡುವೆ ಬಾಯಾರ ದನಿ ಕೇಳಿಸಿತು. “ಹೋದ ವರ್ಷ ಬಾ ಎಂದು ಕರೆದಿದ್ದರು. ಮುಂಬಯಿಯಿಂದ ಹಡಗೂ ನಿಗದಿಯಾಗಿತ್ತು. ನಾನು ಹೋಗಲಿಲ್ಲ.”

“ಯಾಕ ಹೋಗಲಿಲ್ಲ, ಮಗಳ?”

ಬಾಯಾರು ನನ್ನ ಕಡೆ ನೋಡಿ ತಲೆ ತಗ್ಗಿಸಿದರು. “ಇಲ್ಲಿ ಒಂದು ಹೆರಿಗೆ ಇತ್ತು. ಕೂಸು ಹೊಟ್ಟೆಯಲ್ಲಿ ಅಡ್ಡ ತಿರುಗಿತ್ತು. ಬಿಟ್ಟು ಹೋದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಮುಂದಿನ ವರ್ಷ ಬರುತ್ತೇನೆ ಎಂದು ತಾಯಿಗೆ ಬರೆದೆ.”

ಅಳು ಒಮ್ಮೆಲೇ ನಿಂತಿತು. ಅದು ಯಾರ ಹೆರಿಗೆಯೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಹಡಗಿನ ವಿಷಯವನ್ನು ಬಾಯಾರು ಒಂದು ದಿನವೂ ನಮ್ಮೆದುರು ಎತ್ತಿರಲಿಲ್ಲ. ಮಗಳನ್ನು ಅವುಚಿಕೊಂಡು ಗೋಡೆಗೆ ಒರಗಿ ಕೂತೆ.

ಅತ್ತೆ ಮುಖದ ಮೇಲಿನ ಸೆರಗು ಸರಿಸಿದರು. ವಿಲಾಯತಿ ಯಾವ ದಿಕ್ಕಿಗಿದೆಯೆಂದು ಅವರಿಗೇನು ಗೊತ್ತು? ಬಾಗಿಲ ಕಡೆ ಮುಖ ಮಾಡಿ, ಎರಡೂ ಕೈಯಲ್ಲಿ ಸೆರಗೊಡ್ಡಿದರು.

“ಮಾರ್ಥವ್ವಾ, ನಿನ್ನ ಮಗಳನ್ನ ನಾವ ಇಟಗೊಂಡಿವಿ ಯವ್ವಾ. ಬರಲಿಲ್ಲಂತ ಅಕಿಗಿ ಬೈಯಬ್ಯಾಡ. ಬೈಯೂದಿದ್ರ ನನಗ ಬೈ. ನನ್ನ ಮನಿ ತುಂಬಲಿ ಅಂತ ನಿನ್ನ ಮನಿ ಬರಿದಾತು.”

ಆಗ ಬಾಯಾರು ಅತ್ತರು. ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು, ನಮ್ಮ ಹೆಂಗಸರ ಹಾಗೇ ದನಿ ತೆಗೆದು ಅತ್ತರು. ಸಂಜೆ ಅತ್ತೆ ಮುರಿದುಕೊಟ್ಟ ರೊಟ್ಟಿ ತಿಂದರು. ಊರಿಗೆ ಹೋಗುವ ಮಾತು ಮತ್ತೆ ಆಡಲಿಲ್ಲ. ಯುದ್ಧ ಮುಗಿದ ಮೇಲೆ ಮಿಶನ್ನಿನವರು ಬೇರೆ ಕಡೆ ಕಳಿಸುವವರೆಗೂ ಆ ಖೋಲಿಗಳಲ್ಲೇ ಇದ್ದರು.

ನನಗೀಗ ವಯಸ್ಸಾಗಿದೆ, ಮಗಳೂ ಅಜ್ಜಿಯಾಗಿದ್ದಾಳೆ. ಬರುತ್ತೇನೆಂದ ದಿನ ಅವಳು ಬರದಿದ್ದರೆ ಇಂದಿಗೂ ನನಗೆ ಸಿಟ್ಟು ಬರುತ್ತದೆ. ಬಾಗಿಲಿಗೂ ಒಳಗೂ ತಿರುಗಾಡುತ್ತೇನೆ. ಆಗ ನಾನು ಮುಖ ಕಾಣದ ಮಾರ್ಥವ್ವ ನೆನಪಾಗುತ್ತಾಳೆ, ಸಿಟ್ಟೆಲ್ಲ ಇಳಿದುಹೋಗುತ್ತದೆ. ನನ್ನ ಮಗಳು ಬದುಕಿ ಹುಟ್ಟಲೆಂದು ಆ ತಾಯಿ ತನ್ನ ಮಗಳ ದಾರಿ ಕಾಯುತ್ತಲೇ ಹೋದಳು.