ಸಾಹೇಬರಿಗೆ ತೋರಿಸುವ ಹುಡುಗಿ

ದಪ್ಪಗಿರುವ ಮಕ್ಕಳಿಗೆ ಓದು ತಲೆಗೆ ಹತ್ತುವುದಿಲ್ಲ ಎಂದು ಯಾರಾದರೂ ನನ್ನೆದುರು ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಹೇಳುವವರು ಹೆಚ್ಚಾಗಿ ಕಲಿತವರೇ ಆಗಿರುತ್ತಾರೆ. ಅವರನ್ನು ಕೂರಿಸಿಕೊಂಡು ನಮ್ಮಕ್ಕನ ಕತೆ ಹೇಳಬೇಕು ಅನಿಸುತ್ತದೆ. ಹೇಳಿದರೆ ಅರ್ಧದಲ್ಲೇ ಎದ್ದು ಹೋಗುತ್ತಾರೆ, ಅದು ಬೇರೆ ಮಾತು.

ನಮ್ಮಕ್ಕನ ಹೆಸರು ಬಂಗಾರಿ. ಅವಳಿಗಿಂತ ಮೊದಲು ಹುಟ್ಟಿದ ಮಕ್ಕಳು ಒಂದೂ ಉಳಿದಿರಲಿಲ್ಲ. ಹಾಗಾಗಿ ಇವಳು ಉಳಿದದ್ದೇ ಅವ್ವನಿಗೆ ದೊಡ್ಡ ಭಾಗ್ಯ. ಗಂಜಿಯ ತಳದ ಗಟ್ಟಿ ಅನ್ನ ಅಕ್ಕನಿಗೆ, ಕಾಯಿ ಒಡೆದರೆ ಮೊದಲ ಹೋಳು ಅಕ್ಕನಿಗೆ, ಆಲೆಮನೆಯಿಂದ ಬೆಲ್ಲ ಬಂದರೆ ದೊಡ್ಡ ಉಂಡೆ ಅಕ್ಕನಿಗೆ. ಅವಳು ಗುಂಡಗೆ ಬೆಳೆದಳು. ನಮ್ಮ ಕೇರಿಯಲ್ಲಿ ಉಳಿದ ಮಕ್ಕಳೆಲ್ಲ ಪಕ್ಕೆಲುಬು ತೋರಿಸಿಕೊಂಡು ಓಡಾಡುತ್ತಿದ್ದ ಕಾಲ ಅದು. ಅಪ್ಪ ಚೌಡಗೌಡ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗದ್ದೆಯ ಬದುವಿನ ಮೇಲೆ ನಡೆಯುವಾಗ ಊರ ಒಡೆಯನ ಹಾಗೆ ಕಾಣುತ್ತಿದ್ದ.

ನಮ್ಮ ಊರು ಅಘನಾಶಿನಿ ಹೊಳೆಯ ಈಚೆ ದಡದಲ್ಲಿ. ಊರ ಶಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಮಾತ್ರ. ಅದು ಪಾಸಾದರೆ ತಾರಿ ದೋಣಿಯಲ್ಲಿ ಹೊಳೆ ದಾಟಿ ಕುಮಟೆಯ ಶಾಲೆಗೆ ಹೋಗಬೇಕು, ಅಲ್ಲಿ ಏಳನೆಯದಕ್ಕೆ ಮುಲ್ಕಿ ಪರೀಕ್ಷೆ. ಮುಲ್ಕಿ ಪಾಸಾದವರಿಗೆ ಆಗ ಮಾಸ್ತರಿಕೆ ಸಿಗುತ್ತಿತ್ತು. ಒಂದು ದಿನ ಅವ್ವನ ಜೊತೆ ಹರಿವೆ ಸೊಪ್ಪು ಮಾರಲು ಕುಮಟೆ ಪೇಟೆಗೆ ಹೋದ ಅಕ್ಕ ಅಲ್ಲಿ ಒಬ್ಬ ಅಕ್ಕೋರನ್ನು ನೋಡಿಬಂದಳು. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕೋರು ಅಂತಲೇ ಹೆಸರು. ಆ ಅಕ್ಕೋರು ದಾರಿಯಲ್ಲಿ ಬಂದರೆ ಗಂಡಸರೂ ಬದಿಗೆ ಸರಿದು ನಿಲ್ಲುತ್ತಿದ್ದರಂತೆ. ಅವತ್ತಿನಿಂದ ಅಕ್ಕನಿಗೆ ಬೇರೆ ಯೋಚನೆಯೇ ಇಲ್ಲ.

"ನಾ ಅಕ್ಕೋರಾಗೂದೇ ಸೈ" ಎಂದಳು.

ಆಗುವ ತಾಕತ್ತು ಅವಳಿಗಿತ್ತು. ಅವ್ವ ಭತ್ತ ಕುಟ್ಟುವಾಗ ಪಕ್ಕದಲ್ಲಿ ಕೂತು ಒನಕೆಯ ಏಟಿಗೆ ಸರಿಯಾಗಿ ಮಗ್ಗಿ ಹೇಳುತ್ತಿದ್ದಳು. ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳನ್ನೂ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದಳು. ನನಗೆ ಭಾಗಾಕಾರ ಕಲಿಸಿದವಳು ಅವಳೇ. ಮಾಸ್ತರು ಕಲಿಸಿದ್ದರೆ ನಾನು ಇವತ್ತಿಗೂ ಕಲಿಯುತ್ತಿದ್ದೆ!

ಮಹಾಗಣಪತಿ ಮಾಸ್ತರು ಅಕ್ಕನನ್ನು ಹಿಂದಿನ ಗೋಡೆಗೆ ಆನಿಸಿ ಕೂರಿಸಿದ್ದರು. ಮುಂದೆ ಕೂತರೆ ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲವಂತೆ. ಪಾಟಿ ತಿದ್ದುತ್ತ ಬಂದವರು ಅವಳ ಹತ್ತಿರ ಬರುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ಕೈ ಎತ್ತಿದರೆ, "ನೀ ಕೂತ್ಕೊ ಕಣಜಾ, ಎದ್ರೆ ಮತ್ತೆ ಕೂರೂಕೆ ಹೊತ್ತಾಗ್ತದೆ" ಎನ್ನುತ್ತಿದ್ದರು. ಮಕ್ಕಳೆಲ್ಲ ಹೋ ಎಂದು ನಗುತ್ತಿದ್ದರು. ಆಮೇಲೆ ಊರಿಗೂರೇ ಅವಳನ್ನು ಕಣಜ ಎಂದು ಕರೆಯಿತು. ಭತ್ತ ತುಂಬಿಡುವ ಕಣಜವನ್ನೂ ಅಷ್ಟು ಸಲ ಯಾರೂ ಹೆಸರು ಹಿಡಿದು ಕರೆದಿರಲಿಕ್ಕಿಲ್ಲ.

ಐವತ್ತೊಂಬತ್ತನೇ ಇಸವಿಯಲ್ಲಿ ಶಾಲೆಗೆ ಅಮೆರಿಕದ ಹಾಲಿನ ಪುಡಿ ಬಂತು. ಬಡ ಮಕ್ಕಳು ಹಾಲು ಕುಡಿದು ಪುಷ್ಟಿಯಾಗಬೇಕು ಎಂದು ಸರಕಾರದ ಆಸೆ. ಪುಡಿಯ ಚೀಲ ಶಾಲೆಯ ಜಗುಲಿಯಲ್ಲಿ ಇಳಿದು, ಮರುದಿನ ಮಾಸ್ತರ ಭಾವನ ಚಾದಂಗಡಿಯಲ್ಲಿ ಕಾಣಿಸಿಕೊಳ್ಳುತ್ತಿತ್ತು. ನಮಗೆ ಶನಿವಾರ ಒಂದೊಂದು ಲೋಟ ಬಿಳಿ ನೀರು. ಅದನ್ನೂ ಮೂಗು ಮುಚ್ಚಿಕೊಂಡು ಕುಡಿಯಬೇಕು. ಊರಿಗೆಲ್ಲ ಇದು ಗೊತ್ತಿತ್ತು, ಆದರೆ ನಮ್ಮ ಕೇರಿಯವರಿಗೆ ಮಾಸ್ತರು ಎಂದರೆ ಒಡೆಯರು, ಅವರ ಎದುರು ಬಾಯಿ ಬಿಡುವವರು ಯಾರು? ಆ ಚಾ ಮಾತ್ರ ಚೆನ್ನಾಗಿತ್ತಂತೆ. ನಮ್ಮಪ್ಪನೇ ಹೇಳುತ್ತಿದ್ದ.

ಆ ವರ್ಷ ಅಕ್ಕ ನಾಲ್ಕನೇ ಇಯತ್ತೆಯಲ್ಲಿದ್ದಳು, ನಾನು ಎರಡನೆಯದರಲ್ಲಿ. ಶಾಲೆ ತಪಾಸಣೆಗೆ ಸಾಹೇಬರು ಬರುತ್ತಾರೆ ಎಂದಾಯಿತು. ಅವತ್ತು ಮಾಸ್ತರು ತಾವೇ ನಮ್ಮ ಮನೆಗೆ ಬಂದು, "ಬಂಗಾರಿಗೆ ಎಣ್ಣೆ ಹಚ್ಚಿ ತಲೆ ಬಾಚಿ ಕಳ್ಸು" ಎಂದು ಅವ್ವನಿಗೆ ಹೇಳಿ ಹೋದರು. ಶಾಲೆಯಲ್ಲಿ ಅವಳನ್ನು ಮೊಟ್ಟಮೊದಲ ಸಲ ಮುಂದಿನ ಸಾಲಿನಲ್ಲಿ, ನಡುವೆ ಕೂರಿಸಿದರು. ಸಾಹೇಬರು ಒಳಗೆ ಬಂದವರೇ ಅವಳ ಕೆನ್ನೆ ಹಿಂಡಿದರು.

"ಹಾಲು ಕುಡೀತೀಯಾ?"

"ಹೌದು" ಎಂದಳು. ಹಾಗೆ ಹೇಳಬೇಕೆಂದು ಮಾಸ್ತರ ತಾಕೀತು.

"ಶಾಬಾಸ್! ಈಗ ಹೇಳು, ಹದಿನೇಳು ಎಂಟಲೆ ಎಷ್ಟು?"

ಅಕ್ಕ ಬಾಯಿ ತೆರೆಯುವ ಮೊದಲೇ ಮಾಸ್ತರು ಹಲ್ಲು ಕಿರಿದು, "ಅದು ಸ್ವಲ್ಪ ಮಂದ ಸಾಹೇಬ್ರೆ, ಹಾಲೆಲ್ಲ ಮೈಗೇ ಹೋಯ್ತು" ಎಂದರು. ಸಾಹೇಬರು ಗಹಗಹಿಸಿ ನಕ್ಕರು. ಅಕ್ಕ "ನೂರಾ ಮೂವತ್ತಾರು" ಎಂದಳು. ಗಟ್ಟಿಯಾಗಿಯೇ ಹೇಳಿದಳು, ಎರಡನೇ ಇಯತ್ತೆಯಲ್ಲಿ ಕೂತ ನನಗೂ ಕೇಳಿತು. ಅಷ್ಟರಲ್ಲಿ ಸಾಹೇಬರ ಕೈಗೆ ಎಳನೀರು ಬಂದಿತ್ತು.

ಆ ಬೇಸಿಗೆಯಲ್ಲಿ ಅಕ್ಕ ನಪಾಸು. ಮರುವರ್ಷವೂ ಸಾಹೇಬರು ಬಂದರು, ಕೆನ್ನೆ ಹಿಂಡಿದರು, ಅಕ್ಕ ಮತ್ತೆ ನಪಾಸು. ನಾನು ಪಾಸಾಗುತ್ತ ಬಂದು ಅವಳ ಇಯತ್ತೆಯಲ್ಲೇ ಕೂತೆ. ನನಗೆ ನಾಚಿಕೆ, ಅವಳಿಗೆ ಸಂಕಟ. ಒಂದು ದಿನ ಅಪ್ಪನ ಎದುರು ಅತ್ತೇಬಿಟ್ಟಳು. ಅಪ್ಪ ಕಾಣಿಕೆಗೆಂದು ಹಿತ್ತಲಿನ ಎರಡು ಮೊಗೆಕಾಯಿ ಹೆಗಲಿಗೇರಿಸಿ ಮಾಸ್ತರ ಮನೆಗೆ ಹೋದ. ನಾನೂ ಹಿಂದೆ ಹೋದೆ.

"ಒಡೆಯಾ, ಹುಡ್ಗಿ ಒಂದೇ ಇಯತ್ತೇಲಿ ಕೂತ್ಬಿಟ್ಟದೆ. ಈ ಸಲ ಆದ್ರೂ ಮುಂದೆ ಹಾಕೂಕೆ ಆಗ್ತದಾ?"

ಮಾಸ್ತರು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ನಮ್ಮಂಥವರ ಎದುರು ಸುಳ್ಳು ಹೇಳುವಷ್ಟೂ ಮರ್ಯಾದೆ ಕೊಡುವ ಅಗತ್ಯ ಅವರಿಗೆ ಕಂಡಿರಲಿಕ್ಕಿಲ್ಲ.

"ನೋಡು ಚೌಡಾ, ನಿನ್ನ ಹತ್ರ ಮುಚ್ಚಿಡೂದೆಂತಕ್ಕೆ? ಈ ಶಾಲೇಲಿ ತೋರ್ಸೂಕೆ ಇರೂದು ನಿನ್ನ ಮಗಳೊಂದೇ. ಉಳಿದವೆಲ್ಲ ಕಡ್ಡಿ. ಅವಳ್ನ ಮೇಲೆ ಹಾಕಿದ್ರೆ ಸಾಹೇಬ್ರಿಗೆ ನಾ ಯಾರನ್ನ ತೋರ್ಸೂದು? ಇರ್ಲಿ ಇನ್ನೊಂದು ವರ್ಷ. ಹುಡ್ಗಿ ಓದಿ ಎಂತ ಮಾಡೂದುಂಟು?"

ಅಪ್ಪ ಸಿಟ್ಟಾಗುತ್ತಾನೆ ಎಂದುಕೊಂಡೆ. ಎಲ್ಲಾದರೂ ಉಂಟೆ! ಅಪ್ಪನ ಮುಖ ಅರಳಿತು. ಮನೆಗೆ ಬಂದು, "ಮಾದೀ, ಇಡೀ ಶಾಲೇಲಿ ಸಾಹೇಬ್ರಿಗೆ ತೋರ್ಸೂಕೆ ನಮ್ಮ ಬಂಗಾರಿ ಒಬ್ಳೇ ಅಂತೆ. ಒಡೆಯರು ಅವ್ಳನ್ನ ಬಿಡೂದೇ ಇಲ್ಲಂತೆ" ಎಂದು ಅವ್ವನಿಗೆ ಹೇಳಿದ. ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಷ್ಟೋ ಮಕ್ಕಳನ್ನು ಮಣ್ಣಿಗಿಟ್ಟವರಿಗೆ ತಮ್ಮ ಮಗು ದಪ್ಪಗಿದೆ ಎಂದು ಸಾಹೇಬರೇ ಹೇಳುವುದಕ್ಕಿಂತ ದೊಡ್ಡ ಪಾಸು ಯಾವುದು? ಇವತ್ತು ನನಗದು ಅರ್ಥವಾಗುತ್ತದೆ. ಅರ್ಥವಾದರೂ ಕ್ಷಮಿಸಲಾಗುವುದಿಲ್ಲ.

ಅಕ್ಕ ಮಾತ್ರ, "ಅಪ್ಪಾ, ನಾ ಎಂತ ದನವಾ, ಹಿಡ್ಕಂಡು ತೋರ್ಸೂಕೆ?" ಎಂದಳು. ಅಪ್ಪ ನಕ್ಕ.

ಅವತ್ತಿನಿಂದ ಅಕ್ಕ ಊಟ ಬಿಟ್ಟಳು. ತೋರಿಸಲು ಬರದ ಹಾಗೆ ತಾನು ತೆಳ್ಳಗಾದರೆ ಮಾಸ್ತರು ತನ್ನನ್ನು ಮುಂದೆ ಹಾಕಲೇಬೇಕು ಎಂಬುದು ಅವಳ ಲೆಕ್ಕ. ಯಾವ ಲೆಕ್ಕವೂ ತಪ್ಪದವಳು ನಮ್ಮಕ್ಕ. ಗಟ್ಟಿ ಅನ್ನವನ್ನು ಅವ್ವ ಬೆನ್ನು ತಿರುಗಿಸಿದಾಗ ನನ್ನ ಬಟ್ಟಲಿಗೆ ಸುರಿಯುತ್ತಿದ್ದಳು. ತಾನು ಗಂಜಿಯ ತಿಳಿ ಕುಡಿದು ಏಳುತ್ತಿದ್ದಳು. ಮಳೆಗಾಲ ಮುಗಿಯುವಷ್ಟರಲ್ಲಿ ಅವಳ ಕೆನ್ನೆ ಇಳಿದು ಹೋಯಿತು, ತೋಳಿನ ಚರ್ಮ ಜೋತುಬಿತ್ತು. ನಟ್ಟಿ ಗದ್ದೆಯಲ್ಲಿ ಒಮ್ಮೆ ಕಣ್ಣು ಕತ್ತಲೆ ಬಂದು ಕೆಸರಿಗೆ ಬಿದ್ದಳು.

ಸಾಹೇಬರ ದೃಷ್ಟಿ ತಾಗಿದೆ ಎಂದಳು ಅವ್ವ. ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದಳು, ತೋಳಿಗೆ ಕಪ್ಪು ದಾರ ಕಟ್ಟಿಸಿದಳು. ದಾರ ವಾರಕ್ಕೊಮ್ಮೆ ಸಡಿಲವಾಗಿ ಕೆಳಗೆ ಜಾರುತ್ತಿತ್ತು. ಅಕ್ಕ ಅದನ್ನು ನೋಡಿ ಒಳಗೊಳಗೇ ಖುಷಿಪಡುತ್ತಿದ್ದಳು.

ಮಾಸ್ತರು ಅವಳನ್ನು ನೋಡಿದಾಗಲೆಲ್ಲ ಮುಖ ಗಂಟು ಹಾಕುತ್ತಿದ್ದರು. ಮೂರನೇ ಸಲ ಸಾಹೇಬರು ಬಂದ ದಿನ ಅವಳಿಗೆ ಮತ್ತೆ ಹಿಂದಿನ ಗೋಡೆಯೇ ಗತಿಯಾಯಿತು. ಸಾಹೇಬರು ಮುಂದಿನ ಸಾಲನ್ನು ಒಂದು ಸುತ್ತು ನೋಡಿ, "ಎಲ್ರೀ ಮಾಸ್ತರೇ, ಆ ದಪ್ಪ ಹುಡುಗಿ?" ಎಂದರು.

ಮಾಸ್ತರು ಒಂದಿಷ್ಟೂ ಅಳುಕದೆ ಹೇಳಿದರು. "ಅವಳಾ? ಪಾಸಾಗಿ ಕುಮಟೆ ಶಾಲೆಗೆ ಹೋದ್ಳು ಸಾಹೇಬ್ರೆ."

"ಅರೆ ವಾ! ನೋಡಿ, ಹಾಲು ತಲೆಗೂ ಹೋಯ್ತು!"

ಹಿಂದಿನಿಂದ ಅಕ್ಕ ಎದ್ದು ನಿಂತಳು. ಗೋಡೆ ಹಿಡಿದುಕೊಂಡೇ ನಿಂತಿದ್ದಳು. "ಸಾಹೇಬ್ರೆ, ಬಂಗಾರಿ ಅಂದ್ರೆ ನಾನೇ. ನಾ ಹೋಗ್ಲಿಲ್ಲ, ಇಲ್ಲೇ ಇದ್ದೆ."

ಸಾಹೇಬರು ಅವಳನ್ನು ಮೇಲಿಂದ ಕೆಳಗೆ ನೋಡಿದರು. "ನೀನಾ? ಅವಳಲ್ಲಿ ನಿನ್ನಂಥವರು ಇಬ್ಬರು ಹಿಡಿಸ್ತಿದ್ರು" ಎಂದು ನಕ್ಕರು. "ಇದು ಸ್ವಲ್ಪ ಮಂದ ಸಾಹೇಬ್ರೆ" ಎಂದರು ಮಾಸ್ತರು. ಥೂ, ಆ ಬಾಯಿಗೆ! ದಪ್ಪಗಿದ್ದಾಗಲೂ ಮಂದ, ತೆಳ್ಳಗಾದಾಗಲೂ ಮಂದ.

ಮರುದಿನ ಬೆಳಿಗ್ಗೆ ಶಾಲೆಯ ಮೆಟ್ಟಿಲಲ್ಲೇ ಮಾಸ್ತರು ಅವಳನ್ನು ತಡೆದರು. "ನೀ ಇನ್ನು ಬರೂದು ಬೇಡ. ಪಾಸಾಗಿ ಹೋದ್ಳು ಅಂತ ಸಾಹೇಬ್ರಿಗೆ ಹೇಳಿ ಆತು. ಮತ್ತೆ ಅವ್ರು ಬಂದ್ರೆ ನಾ ಎಂತ ಹೇಳೂದು?"

"ಹಂಗಾದ್ರೆ ಪಾಸಾದ ಚೀಟಿ ಕೊಡಿ ಒಡೆಯಾ. ಕುಮಟೆ ಶಾಲೇಲಿ ಕೇಳ್ತಾರೆ" ಎಂದಳು ಅಕ್ಕ.

"ಪಾಸಾಗದವ್ಳಿಗೆ ಎಂತ ಚೀಟಿಯೇ?"

ಅಕ್ಕ ಮನೆಗೆ ಬಂದು ನಡೆದದ್ದನ್ನು ಒಂದೂ ಬಿಡದೆ ಅಪ್ಪನಿಗೆ ಹೇಳಿದಳು. ಅಪ್ಪ, "ಪಾಸಾದ್ಳು ಅಂತ ಸಾಹೇಬ್ರ ಎದ್ರೇ ಹೇಳಿದ್ರಲ್ಲ ಮಗಾ! ಮತ್ತೆಂತ ಬೇಕು?" ಎಂದು ಕೇರಿಗೆ ಬೆಲ್ಲ ಹಂಚಲು ಹೊರಟೇಬಿಟ್ಟ. ಮನೆಮನೆಗೂ ಹೋಗಿ ಮಗಳು ನಾಲ್ಕನೆಯದು ಪಾಸು ಎಂದು ಹೇಳಿ ಬಂದ. ಬೆಲ್ಲ ತಿಂದವರು ಅಕ್ಕನನ್ನು ನೋಡಲು ಬಂದು, ಓದಿ ಓದಿ ಸೊರಗಿದ್ದಾಳೆ ಎಂದು ಮರುಗಿದರು.

ಮಧ್ಯಾಹ್ನ ಅವ್ವ ಬಟ್ಟಲಿಗೆ ಅನ್ನ ಬಡಿಸಿದಳು. ಅಕ್ಕ ನನ್ನ ಕಡೆ ತಿರುಗಲಿಲ್ಲ. ಒಂದಗುಳೂ ಬಿಡದೆ ಉಂಡಳು. ಉಂಡು ಬಟ್ಟಲನ್ನು ಮುಂದೆ ದೂಡಿ, "ಇನ್ನೂ ಹಾಕವ್ವಾ" ಎಂದಳು.