ಕೊಡೆ ಸಿನಿಮಾದ ಎರಡನೆಯ ವಾರ

ಆ ಚಿತ್ರಮಂದಿರದಲ್ಲಿ ಇನ್ನೂರ ನಲವತ್ತು ಕುರ್ಚಿಗಳಿದ್ದವು. ಯಾವುದರ ಕೈ ಅಲುಗಾಡುತ್ತದೆ, ಯಾವುದರ ಮುಂದೆ ಕಂಬ ಅಡ್ಡ ಬರುತ್ತದೆ ಎಂಬುದೆಲ್ಲ ಟಾರ್ಚಕ್ಕನಿಗೆ ಬಾಯಿಪಾಠ. ಏಳನೆಯ ಸಾಲಿನ ಕೊನೆಯ ಕುರ್ಚಿಯ ಸ್ಪ್ರಿಂಗು ಚುಚ್ಚುತ್ತದೆಂದು ಅವಳು ಅಲ್ಲಿ ಯಾರನ್ನೂ ಕೂರಿಸುತ್ತಿರಲಿಲ್ಲ. ಮೂವತ್ತೊಂದು ವರ್ಷ ಕತ್ತಲಲ್ಲಿ ಜನರಿಗೆ ಜಾಗ ತೋರಿಸಿದವಳು ಅವಳು. ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಟಾರ್ಚಿನ ಗಾಜಿಗೆ ತೆಳ್ಳನೆಯ ಕೆಂಪು ಬಟ್ಟೆ ಕಟ್ಟಿ, ಬೆಳಕನ್ನು ಯಾರ ಮುಖಕ್ಕೂ ಬೀಳಗೊಡದೆ ನೆಲದ ಮೇಲೆ ಹರಿಸುತ್ತ, "ಎರಡು ಮೆಟ್ಟಿಲಿದೆ, ನಿಧಾನ... ಸ್ವಲ್ಪ ಒಳಗೆ ಸರೀರಿ ಸ್ವಾಮಿ, ಮಗು ಎತ್ತಿಕೊಂಡಿದ್ದಾರೆ" ಎಂದು ಪಿಸುಗುಟ್ಟುವುದೇ ಅವಳ ಉದ್ಯೋಗ.

ಇಷ್ಟಾದರೂ ಅವಳು ಒಂದು ಚಿತ್ರವನ್ನೂ ಪೂರ್ತಿ ನೋಡಿದವಳಲ್ಲ. ತಡವಾಗಿ ಬಂದವರನ್ನೆಲ್ಲ ಕೂರಿಸುವ ತನಕ ಮೊದಲ ಅರ್ಧ ಗಂಟೆ ಒಳಗಿರುತ್ತಿದ್ದಳು. ಆಮೇಲೆ ಹೊರಗೆ ಸ್ಟೂಲಿನ ಮೇಲೆ ಕುಳಿತು ಹರಿದ ಸೀಟು ಕವರುಗಳಿಗೆ ಹೊಲಿಗೆ ಹಾಕುವುದು. ಮುಗಿಯಲು ಹತ್ತು ನಿಮಿಷವಿರುವಾಗ ಬಾಗಿಲು ತೆರೆಯಲು ಮತ್ತೆ ಒಳಗೆ.

"ನಮ್ಮ ಅಕ್ಕನಿಗೆ ಎಲ್ಲ ಸಿನಿಮಾದ ತಲೆ ಗೊತ್ತು, ಬಾಲ ಗೊತ್ತು, ಹೊಟ್ಟೆ ಮಾತ್ರ ಗೊತ್ತಿಲ್ಲ" ಎಂದು ಯಂತ್ರದ ಕೋಣೆಯ ಆಪರೇಟರ್ ಛೇಡಿಸುತ್ತಿದ್ದ.

"ಹೊಟ್ಟೆ ತಾನೇ? ದಿನಾ ನಿನ್ನದು ನೋಡ್ತಾ ಇದ್ದೀನಲ್ಲ, ಸಾಕು ಕಣೋ" ಎನ್ನುತ್ತಿದ್ದಳು ಅವಳು.

ಹಿರಿಯ ಯಜಮಾನರು ಮಂಡಿನೋವಿನಿಂದ ಮನೆ ಹಿಡಿದ ಮೇಲೆ ಅವರ ಮಗಳು ಚಿತ್ರಮಂದಿರವನ್ನು ನೋಡಿಕೊಳ್ಳತೊಡಗಿದಳು. ಚಿಕ್ಕ ಯಜಮಾನಿ ಕೆಟ್ಟವಳಲ್ಲ. ಬಾಲ್ಯದಲ್ಲಿ ಟಾರ್ಚಕ್ಕನ ತೊಡೆಯ ಮೇಲೆ ನಿದ್ದೆ ಮಾಡಿದವಳೇ. ಆದರೆ ಖಾಲಿ ಕುರ್ಚಿಗಳನ್ನು ಕಂಡರೆ ಅವಳ ಮುಖ ಬಾಡುತ್ತಿತ್ತು. ಒಂದು ಬುಧವಾರ ಪೀಠೋಪಕರಣಗಳ ವ್ಯಾಪಾರಿಯೊಬ್ಬ ಬಂದು, ಅಳತೆಯ ಟೇಪು ಹಿಡಿದು, ಪರದೆಯಿಂದ ಬಾಗಿಲಿನವರೆಗೆ ಅಳೆದ. "ಸೋಫಾ ಇಡೋಕೆ ಹೇಳಿ ಮಾಡಿಸಿದ ಜಾಗ" ಎಂದು ತಲೆದೂಗಿದ. ಅವನು ಹೋದ ಮೇಲೆ ಚಿಕ್ಕ ಯಜಮಾನಿ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಳು.

"ಟಾರ್ಚಕ್ಕ, ಇನ್ನು ಒಂದೇ ಒಂದು ಸಿನಿಮಾ ಹಾಕ್ತೀನಿ. ಮುಂದಿನ ವಾರದ ಗುರುವಾರದೊಳಗೆ ಒಂದಾಟ ಆದ್ರೂ ಪೂರ್ತಿ ತುಂಬಿದ್ರೆ ಎರಡನೇ ವಾರ ಓಡಿಸೋಣ, ಥಿಯೇಟರೂ ಉಳಿಯುತ್ತೆ. ಇಲ್ಲದಿದ್ರೆ ಜಾಗ ಅವರ ಸೋಫಾ ಅಂಗಡಿಗೆ, ಮಾರನೇ ದಿನ ಶುಕ್ರವಾರ ಕುರ್ಚಿ ಬಿಚ್ಚೋಕೆ ಜನ ಬರ್ತಾರೆ."

ಕುರ್ಚಿ ಬಿಚ್ಚುವ ಮಾತು ಕೇಳಿ ಟಾರ್ಚಕ್ಕನಿಗೆ ತನ್ನ ಮೈಯ ಮೂಳೆಗಳನ್ನೇ ಬಿಚ್ಚಿದಂತಾಯಿತು.

ಬಂದ ಚಿತ್ರವೋ, ಇಂಗ್ಲೆಂಡಿನದು. ನಗಿಸುತ್ತ ನಗಿಸುತ್ತ ಪ್ರೇಮದ ಕಥೆ ಹೇಳುವಂಥದು. ಕೆಳಗೆ ಕನ್ನಡದ ಅಕ್ಷರಗಳು ಬರುತ್ತಿದ್ದವು. ಸದಾ ಗಾಳಿ ಬೀಸುವ ಕಡಲತೀರದ ಊರಿನಲ್ಲಿ ಕೊಡೆ ರಿಪೇರಿ ಮಾಡುವ ಒಬ್ಬ ಹೆಂಗಸು. ಅವಳ ಅಂಗಡಿಗೆ ಮತ್ತೆ ಮತ್ತೆ ಮುರಿದ ಕೊಡೆ ತರುವ ಒಬ್ಬ ಗುಮಾಸ್ತ. ಆತ ಬಾಯಿ ಬಿಟ್ಟರೆ ಬರುವುದು "ಕ್ಷಮಿಸಿ" ಎಂಬ ಒಂದೇ ಮಾತು. ಕೊನೆಯಲ್ಲಿ ಅವಳು ಊರು ಬಿಡುವಾಗ ಆತ ರೈಲು ನಿಲ್ದಾಣಕ್ಕೆ ಓಡಿ ಬಂದು, ಕಿಟಕಿಯಿಂದ ತನ್ನ ಕೊಡೆಯನ್ನು ಅವಳ ಕೈಗಿಟ್ಟು, ಮತ್ತೆ "ಕ್ಷಮಿಸಿ" ಎನ್ನುತ್ತಾನೆ. ರೈಲು ಹೊರಡುತ್ತದೆ. ಅವಳು ಕೊಡೆ ಬಿಚ್ಚಿ ನೋಡಿ ನಗುತ್ತಾಳೆ. ಅಲ್ಲಿಗೆ ಮುಗಿಯಿತು.

ಶುಕ್ರವಾರ ನಲವತ್ತು ಜನ ಬಂದರೆ ಹೆಚ್ಚು. ಚಿಕ್ಕ ಯಜಮಾನಿ ಚಿತ್ರ ನೋಡಿದವರ ಅಭಿಪ್ರಾಯಗಳನ್ನು ಮೊಬೈಲಿನಲ್ಲಿ ಓದಿ ಹಣೆ ಚಚ್ಚಿಕೊಂಡಳು. "ನೋಡಿ, ಒಬ್ಬಳು 'ಮನಸ್ಸು ತುಂಬಿ ಬಂತು' ಅಂತ ಬರೆದಿದ್ದಾಳೆ. ಇನ್ನೊಬ್ಬ 'ನಿದ್ದೆ ತುಂಬಿ ಬಂತು' ಅಂತಾನೆ. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆದ್ರೆ ಯಾರನ್ನ ನಂಬಿ ಜನ ಬರಬೇಕು?"

ಶನಿವಾರ ಒಂದು ಎಡವಟ್ಟಾಯಿತು. ಆಟ ಮುಗಿದ ಮೇಲೆ ಜನರನ್ನು ಪಕ್ಕದ ಬಾಗಿಲಿನಿಂದ ಓಣಿಗೆ ಬಿಡುವುದು ಹಿರಿಯ ಯಜಮಾನರ ಕಾಲದ ಕಟ್ಟುನಿಟ್ಟು. ನೋಡಿ ಹೋಗುವವರು ನೋಡಲು ಬರುವವರ ಎದುರಿಗೆ ಸಿಕ್ಕರೆ ಕಥೆ ಹೇಳಿಬಿಡುತ್ತಾರೆಂಬ ಭಯ ಅವರಿಗೆ. ಅಂದು ಆ ಬಾಗಿಲಿನ ಚಿಲಕ ತುಕ್ಕು ಹಿಡಿದು ಕೂತುಬಿಟ್ಟಿತು. ಟಾರ್ಚಕ್ಕ ಎಳೆದಳು, ಗುದ್ದಿದಳು, ಜಗ್ಗಲಿಲ್ಲ. ಬೇರೆ ದಾರಿ ಕಾಣದೆ ಎಲ್ಲರನ್ನೂ ಮುಂಬಾಗಿಲಿನಿಂದ ಜಗಲಿಗೆ ಬಿಟ್ಟಳು. ಜಗಲಿಯ ಎದುರಿಗೇ ಬಸ್ ನಿಲ್ದಾಣ.

ಮೊದಲು ಹೊರಬಂದವರು ಟೈಲರ್ ಮತ್ತು ಅವನ ಹೆಂಡತಿ.

"ಎರಡು ಗಂಟೆ ಕೂತು ನೋಡಿದ್ದಕ್ಕೆ ಆ ಮನುಷ್ಯ ಒಂದು ಮಾತು ಆಡಬಾರದಾ?" ಎಂದು ಟೈಲರ್ ಸಿಡುಕಿದ. "ಪ್ರೀತಿ ಇದ್ರೆ ಹೇಳಬೇಕಪ್ಪ. ಮೂಗನ ಹಾಗೆ ಕೊಡೆ ಕೊಟ್ಟು ಬರೋದಾ?"

"ಮಾತಾಡೋರನ್ನ ಕಟ್ಟಿಕೊಂಡು ನಾನೇನು ಕಂಡೆ ರೀ?" ಎಂದಳು ಹೆಂಡತಿ. "ಅವಳು ನಕ್ಕಳಲ್ಲ, ಸುಮ್ಮನೆ ನಕ್ಕಳಾ? ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬಂದಿರ್ತಾಳೆ."

"ಎಲ್ಲಿ ಬಂದಳು? ತೋರಿಸಿದ್ರಾ?"

"ಎಲ್ಲಾನೂ ತೋರಿಸಬೇಕು ನಿಮಗೆ!"

ಹಿಂದೆ ಬಂದ ನರ್ಸ್ ಒಬ್ಬಳು ಟೈಲರ್ ಪಕ್ಷ ಹಿಡಿದಳು. ಕನ್ನಡಕದ ಮುದುಕರೊಬ್ಬರು ಹೆಂಡತಿಯ ಪಕ್ಷ ಹಿಡಿದರು. ಮಾತಿಗೆ ಮಾತು ಬೆಳೆಯಿತು. ಬಸ್ಸಿಗೆ ಕಾದವರು ಮೊದಲು ಕಿವಿ ತಿರುಗಿಸಿದರು, ಆಮೇಲೆ ಮುಖ ತಿರುಗಿಸಿದರು. ಬಸ್ಸೊಂದು ಬಂದು ಹೋಯಿತು. ನಿಂತಿದ್ದ ಐದು ಮಂದಿ ಅದನ್ನು ಹತ್ತದೆ, "ಅದೇನು ನಗು ಅಂತ ನಾವೇ ನೋಡಿಬಿಡೋಣ" ಎಂದು ಟಿಕೆಟ್ ಕಿಂಡಿಯ ಕಡೆಗೆ ನಡೆದರು. ಟಾರ್ಚಕ್ಕ ಬಾಗಿಲಿಗೆ ಒರಗಿ ನಿಂತು ಇದನ್ನೆಲ್ಲ ಕಂಡಳು.

ಭಾನುವಾರ ಬೆಳಿಗ್ಗೆ ಆಪರೇಟರ್ ಚಿಲಕಕ್ಕೆ ಎಣ್ಣೆ ಬಿಟ್ಟ. ಅದು ಸಲೀಸಾಗಿ ಸರಿಯಿತು. ಟಾರ್ಚಕ್ಕ ಬಂದು ಅದನ್ನು ಮತ್ತೆ ಹಾಕಿದಳು.

"ಸಿಕ್ಕಿಹಾಕಿಕೊಂಡಿದೆ" ಎಂದಳು.

"ಈಗ ತಾನೇ ಎಣ್ಣೆ ಬಿಟ್ಟೆನಲ್ಲಕ್ಕ!"

"ಸಿಕ್ಕಿಹಾಕಿಕೊಂಡಿದೆ ಅಂದ್ನಲ್ಲ."

ಅವನು ಅವಳ ಮುಖ ನೋಡಿದ. ಜಗಲಿಯ ಕಡೆಗೊಮ್ಮೆ ನೋಡಿದ. "ಹೌದಕ್ಕ, ತುಂಬಾ ಹಳೇ ಚಿಲಕ" ಎಂದು ಎಣ್ಣೆಯ ಡಬ್ಬಿ ಎತ್ತಿಕೊಂಡು ಮೇಲಕ್ಕೆ ಹೋದ.

ಅಂದಿನಿಂದ ಟಾರ್ಚಕ್ಕ ಪ್ರತಿ ಆಟ ಮುಗಿದಾಗಲೂ ಮುಂಬಾಗಿಲಿನಲ್ಲಿ ನಿಂತಳು. ಯಾರು ಏನೇ ಅಂದರೂ ಅವಳದು ಒಂದೇ ಉತ್ತರ: "ಹೌದಾ? ಹಿಂದಿನ ಆಟದವರು ಬೇರೆ ಥರ ಹೇಳಿದ್ರು." ಸುಳ್ಳಲ್ಲ, ಹೇಳಿಯೇ ಇದ್ದರು. ಆ ಮಾತು ಕಿವಿಗೆ ಬಿದ್ದರೆ ಸಾಕು, ಮನೆಗೆ ಹೊರಟವರೂ ಜಗಲಿಯಲ್ಲಿ ನಿಂತುಬಿಡುತ್ತಿದ್ದರು. ಹೊಗಳಿ ಹೋದವರು ಮತ್ತೆ ಬರಲಿಲ್ಲ, ಬೈದು ಹೋದವರೂ ಬರಲಿಲ್ಲ. ಜಗಳವಾಡಿ ಹೋದವರು ಮಾತ್ರ ಸಾಕ್ಷಿ ಸಮೇತ ತಿರುಗಿ ಬಂದರು. ಸೋಮವಾರ ಟೈಲರ್ ತನ್ನ ತಮ್ಮನನ್ನು ಕರೆತಂದ. ಮಂಗಳವಾರ ಅವನ ಹೆಂಡತಿ ಮೂವರು ನಾದಿನಿಯರನ್ನು ಹೊರಡಿಸಿಕೊಂಡು ಬಂದಳು. ಬುಧವಾರ ನರ್ಸಿನ ಹಿಂದೆ ಆಸ್ಪತ್ರೆಯ ಒಂದು ಪಾಳಿಯೇ ಬಂತು.

ಗುರುವಾರ ಸಂಜೆಯ ಆಟಕ್ಕೆ ಜಗಲಿಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಟಾರ್ಚಕ್ಕನ ಕೈಯ ಟಾರ್ಚು ಒಂದು ಕ್ಷಣ ಬಿಡುವಿಲ್ಲದೆ ಓಡಾಡಿತು. ಟಿಕೆಟ್ ಕಿಂಡಿ ಮುಚ್ಚಿದಾಗ ಇನ್ನೂರ ಮೂವತ್ತೊಂಬತ್ತು ಕುರ್ಚಿಗಳು ತುಂಬಿದ್ದವು. ಏಳನೆಯ ಸಾಲಿನ ಸ್ಪ್ರಿಂಗಿನ ಕುರ್ಚಿಯೊಂದೇ ಖಾಲಿ.

ಚಿಕ್ಕ ಯಜಮಾನಿ ಒಳಗೆ ಬಂದು ಸಾಲುಸಾಲಾಗಿ ನೋಡಿದಳು. ನಂತರ ಪಕ್ಕದ ಬಾಗಿಲಿನತ್ತ ನಡೆದಳು. ಟಾರ್ಚಕ್ಕ ಹಿಂದೆಯೇ ಧಾವಿಸಿದಳು. ಚಿಕ್ಕ ಯಜಮಾನಿ ಎರಡೇ ಬೆರಳಿನಿಂದ ಚಿಲಕವನ್ನು ಎಳೆದಳು. ಬೆಣ್ಣೆಯಲ್ಲಿ ಕೂದಲು ಎಳೆದಂತೆ ಅದು ಸರಿಯಿತು.

"ಐದು ದಿನದಿಂದ ಸಿಕ್ಕಿಹಾಕಿಕೊಂಡಿದೆ ಅಂದಿದ್ರಿ."

"ಅಮ್ಮಾ, ಅದು... ಹಳೇ ಚಿಲಕ..."

ಚಿಕ್ಕ ಯಜಮಾನಿ ಚಿಲಕವನ್ನು ಮತ್ತೆ ಹಾಕಿ, ಅದರ ಮೇಲೊಂದು ತಟ್ಟು ತಟ್ಟಿದಳು. "ಹೌದು, ಸಿಕ್ಕಿಹಾಕಿಕೊಂಡಿದೆ. ಹಾಗೇ ಇರಲಿ ಬಿಡಿ." ಆಮೇಲೆ ಕೈ ಚಾಚಿದಳು. "ಟಾರ್ಚ್ ಕೊಡಿ ಇಲ್ಲಿ. ಒಂದು ಕುರ್ಚಿ ಖಾಲಿ ಇದೆ, ಪೂರ್ತಿ ತುಂಬಬೇಕು ಅಂದಿದ್ದೆ ನಾನು. ಬನ್ನಿ ಟಾರ್ಚಕ್ಕ, ಎರಡು ಮೆಟ್ಟಿಲಿದೆ, ನಿಧಾನ."

ಹೀಗೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಟಾರ್ಚಕ್ಕ ಬೇರೆಯವರ ಬೆಳಕಿನಲ್ಲಿ ನಡೆದು ಹೋಗಿ ಕುಳಿತಳು. ಸ್ಪ್ರಿಂಗು ಚುಚ್ಚಿತು, ಅವಳಿಗೆ ಅದರ ಪರಿವೆಯೇ ಇರಲಿಲ್ಲ. ಕಥೆಯ ಹೊಟ್ಟೆಯನ್ನು ಕಣ್ಣು ಮಿಟುಕಿಸದೆ ನೋಡಿದಳು. ಗುಮಾಸ್ತ ಮೊದಲ ಸಲ ಕೊಡೆ ತಂದದ್ದು ಗಾಳಿಗೆ ಮುರಿದಾಗ. ಎರಡನೆಯ ಸಲ, ಅಂಗಡಿಯ ಮೂಲೆಯಾಚೆ, ಆತನ ಹೆಬ್ಬೆರಳು ಕೊಡೆಯ ಕಡ್ಡಿಯ ಮೇಲೆ ಮೆಲ್ಲಗೆ ಒತ್ತಿತು. ಕ್ಷಣಮಾತ್ರ. ಆಗಲೇ ಗಾಳಿ ಬೀಸಿ ಕೊಡೆ ಮಗುಚಿ ಮುರಿಯಿತು. ಟಾರ್ಚಕ್ಕ ತುಂಬಿದ ಸಭೆಯಲ್ಲಿ ಒಬ್ಬಳೇ ಪಕಪಕನೆ ನಕ್ಕಳು. ಸುತ್ತಲಿನವರು ತಿರುಗಿ ನೋಡಿದರು. ಏನಾಯಿತೆಂದು ಆಪರೇಟರ್ ಮೇಲಿನ ಕಿಂಡಿಯಿಂದ ಇಣುಕಿದ.

ಆಟ ಬಿಟ್ಟ ಮೇಲೆ ಎಲ್ಲರೂ ಜಗಲಿಯಲ್ಲಿ ಅವಳನ್ನು ಮುತ್ತಿಕೊಂಡರು.

"ಇಷ್ಟು ದಿನ ನಮ್ಮನ್ನು ಕಾದಾಡೋಕೆ ಬಿಟ್ರಿ. ಈಗ ನೀವೇ ಹೇಳಿ ಟಾರ್ಚಕ್ಕ, ಆತ ಯಾಕೆ ಹೇಳಲಿಲ್ಲ?" ಎಂದು ಟೈಲರ್ ಪಟ್ಟು ಹಿಡಿದ.

"ಹೇಳಿದ್ದಾನಪ್ಪ. ಬಾಯಲ್ಲಿ ಹೇಳಿಲ್ಲ ಅಷ್ಟೇ. ಆ ಕೊಡೆ ತಾನಾಗಿ ಮುರೀಲಿಲ್ಲ, ಆತನೇ ಮುರಿದದ್ದು. ಹೆಬ್ಬೆರಳು ನೋಡು."

"ಗಾಳಿಗೆ ಮುರಿದದ್ದು!"

"ನೋಡಿದ್ರಾ?" ಎಂದು ಅವನ ಹೆಂಡತಿ ಚಪ್ಪಾಳೆ ತಟ್ಟಿದಳು. "ಮೂರು ಸಲ ನೋಡಿದ್ರೂ ಕಣ್ಣಿಗೆ ಬೀಳಲಿಲ್ಲ ಇವರಿಗೆ!"

"ನನಗೂ ಗಾಳಿಗೇ ಮುರಿದ ಹಾಗೆ ಕಾಣ್ತು" ಎಂದಳು ಚಿಕ್ಕ ಯಜಮಾನಿ ಗಂಭೀರವಾಗಿ. ಜಗಲಿ ಮತ್ತೆ ಹೊತ್ತಿಕೊಂಡಿತು. ಆ ಗದ್ದಲದ ನಡುವೆಯೇ ಅವಳು ಏಣಿ ಹಾಕಿಸಿ, ಚಿತ್ರದ ಫಲಕದ ಕೆಳಗೆ 'ಎರಡನೆಯ ವಾರ' ಎಂಬ ಕೆಂಪು ಪಟ್ಟಿಯನ್ನು ತಾನೇ ಹತ್ತಿ ಅಂಟಿಸಿದಳು.

ಶುಕ್ರವಾರ ಕುರ್ಚಿ ಬಿಚ್ಚುವವರು ಬರಲಿಲ್ಲ. ಮಧ್ಯಾಹ್ನದ ಆಟಕ್ಕೆ ಪೀಠೋಪಕರಣಗಳ ವ್ಯಾಪಾರಿ ಹೆಂಡತಿಯೊಡನೆ ಬಂದ. ಊರೆಲ್ಲ ಹೆಬ್ಬೆರಳಿನ ಮಾತಾಡುತ್ತಿದ್ದರೆ ಅವನೊಬ್ಬ ಮನೆಯಲ್ಲಿರುವುದು ಹೇಗೆ? ಟಾರ್ಚಕ್ಕ ನಗುನಗುತ್ತ ಸ್ವಾಗತಿಸಿದಳು. ಹೆಂಡತಿಯನ್ನು ಒಳ್ಳೆಯ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದಳು. ನಂತರ ಕೆಂಪು ಬೆಳಕನ್ನು ಅದರ ಪಕ್ಕಕ್ಕೆ, ಏಳನೆಯ ಸಾಲಿನ ಕೊನೆಯ ಕುರ್ಚಿಯ ಮೇಲೆ ಹರಿಸಿ, ಬಹಳ ಮರ್ಯಾದೆಯಿಂದ ಪಿಸುಗುಟ್ಟಿದಳು:

"ತಮಗೆ ಇದು ಸ್ವಾಮಿ. ಹೇಳಿ ಮಾಡಿಸಿದ ಜಾಗ."